ಇಸ್ತ್ರಿ ಪೆಟ್ಟಿಗೆ ಎಡಗೈಗೆ ಬಂದ ದಿನಗಳು

ನಾನು ಒಂದು ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆ. ಕರೆಂಟಿನದಲ್ಲ, ಕೆಂಡದ್ದು. ಖಾಲಿ ಹೊಟ್ಟೆಯಲ್ಲಿ ಆರು ಕಿಲೋ ತೂಗುತ್ತೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನಂಥವರ ಯೋಗ್ಯತೆಯೆಲ್ಲ ತೂಕದಲ್ಲೇ ಇರುವುದು. ಹಗುರವಾದ ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೆ ಸುಮ್ಮನೆ ಓಡಾಡುತ್ತದೆ. ಭಾರವಾದದ್ದು ಮಾತ್ರ ಬಟ್ಟೆಗೆ ಬುದ್ಧಿ ಹೇಳುತ್ತದೆ.

ಒಂದು ಎರಕದ ಶೆಡ್ಡಿನಲ್ಲಿ ಹುಟ್ಟಿದೆ. ಒಡೆದ ತಂಬಿಗೆ, ಸವೆದ ನಲ್ಲಿ, ಕಾಲು ಮುರಿದ ದೀಪದ ಕಂಬ, ಹೀಗೆ ಯಾರಿಗೂ ಬೇಡವಾದ ಹಿತ್ತಾಳೆಯನ್ನೆಲ್ಲ ಮೂಸೆಯಲ್ಲಿ ಕರಗಿಸಿ ಮರಳಿನ ಅಚ್ಚಿಗೆ ಹೊಯ್ದರು. ಆರಿದ ಮೇಲೆ ಅಚ್ಚು ಒಡೆದು ತೆಗೆದರು, ಅರದಿಂದ ಉಜ್ಜಿದರು, ಹೊಗೆ ಹೋಗಲು ಬದಿಗಳಲ್ಲಿ ಕಿಂಡಿ ಬಿಟ್ಟರು. ಮುಚ್ಚಳದ ಚಿಲಕಕ್ಕೆ ಹುಂಜದ ತಲೆಯ ಆಕಾರ ಕೊಟ್ಟರು. ಮೇಲೆ ಮರದ ಹಿಡಿ ಕೂರಿಸಿದರು.

ನನ್ನ ಮೊದಲ ಯಜಮಾನರು ತಿಪಟೂರಿನ ಪೇಟೆ ಬೀದಿಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ಖಲೀಲ್ ಸಾಬರು. ಮದುವೆ ಗಂಡುಗಳ ಕೋಟು ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಕೋಟಿನ ಭುಜಕ್ಕೆ ಒದ್ದೆ ಬಟ್ಟೆ ಹಾಸಿ ನನ್ನನ್ನು ಊರಿ ಹಿಡಿದರೆ ಆವಿ ಬುಸ್ಸೆಂದು ಏಳುತ್ತಿತ್ತು. ಸುಮಾರು ವರ್ಷ ಅಲ್ಲಿದ್ದೆ. ಆಮೇಲೆ ಅವರ ಮಗ ಕರೆಂಟಿನ ಇಸ್ತ್ರಿ ಪೆಟ್ಟಿಗೆ ತಂದ. ನಾನು ಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಇಡುವ ಕಲ್ಲಿನ ಬದಲಾಗಿ ಬಾಗಿಲಲ್ಲಿ ಕುಳಿತೆ.

ಅಲ್ಲಿ ನನ್ನನ್ನು ನೋಡಿದವನು ಗಿರಿಯಪ್ಪ. ಪೂರ್ತಿ ಹೆಸರು ಮೂಡ್ಲಗಿರಿಯಪ್ಪ, ಅರಸೀಕೆರೆಯವನು. ಆಗ ಅವನಿಗೆ ಇಪ್ಪತ್ತೆರಡು ವರ್ಷ. ಮಡಿ ಮಾಡಿದ ಬಟ್ಟೆಯ ಗಂಟು ಹೊತ್ತುಕೊಂಡು ಅಂಗಡಿಗೆ ಬರುತ್ತಿದ್ದ. ಬಂದಾಗಲೆಲ್ಲ ಅವನ ಕಣ್ಣು ಬಾಗಿಲ ಬುಡಕ್ಕೆ ಹೋಗುವುದನ್ನು ಸಾಬರು ಗಮನಿಸಿದ್ದರು.

"ಎತ್ತಿ ನೋಡು," ಎಂದರು ಒಂದು ದಿನ.

ಗಿರಿಯಪ್ಪ ಬಲಗೈಯಲ್ಲಿ ನನ್ನನ್ನು ಎತ್ತಿ, ಗಾಳಿಯಲ್ಲೇ ಒಂದು ಸಾರಿ ಹಿಂದಕ್ಕೆ ಮುಂದಕ್ಕೆ ಆಡಿಸಿದ. ಹಿಡಿಯ ಮೇಲೆ ಅವನ ಹಸ್ತ ಕೂತ ರೀತಿಯಲ್ಲೇ ನನಗೆ ಗೊತ್ತಾಯಿತು. ಸಾಬರಿಗೂ ಗೊತ್ತಾಯಿತು.

"ನಿನ್ ಕೈಗೆ ಹೇಳ್ ಮಾಡ್ಸಿದಂಗೈತೆ ಕಣಪ್ಪ. ತಗೊಂಡ್ಹೋಗು. ಇಲ್ಲಿ ಬಾಗ್ಲು ಕಾಯಕ್ಕೆ ಒಂದು ಕಲ್ಲು ಸಾಕು."

ಅವತ್ತು ಸಾಯಂಕಾಲದ ಪ್ಯಾಸೆಂಜರ್ ರೈಲಿನಲ್ಲಿ ಅವನ ತೊಡೆಯ ಮೇಲೆ ಕುಳಿತು ಅರಸೀಕೆರೆಗೆ ಬಂದೆ.

ಅರಸೀಕೆರೆ ರೈಲಿನ ಊರು. ರೈಲ್ವೆ ಕ್ವಾರ್ಟರ್ಸಿಗೆ ಹೋಗುವ ರಸ್ತೆಯಲ್ಲಿ ಒಂದು ಹೊಂಗೆ ಮರ, ಮರದ ಕೆಳಗೆ ನಾಲ್ಕು ಚಕ್ರದ ತಳ್ಳುಗಾಡಿ, ಗಾಡಿಯ ಮೇಲೆ ಮಡಿಸಿ ಹಾಸಿದ ಕಂಬಳಿ, ಅದರ ಮೇಲೆ ಬಿಳಿ ಬಟ್ಟೆ. ನಲವತ್ತು ವರ್ಷ ನನ್ನ ಲೋಕ ಅಷ್ಟೇ. ಗಿರಿಯಪ್ಪ ಬೆಳಿಗ್ಗೆ ಏಳಕ್ಕೆ ಬಂದು ತೆಂಗಿನ ಚಿಪ್ಪಿನ ಇದ್ದಿಲಿಗೆ ಬೆಂಕಿ ಮಾಡುತ್ತಿದ್ದ. ರಟ್ಟಿನ ತುಂಡಿನಿಂದ ಬೀಸುತ್ತಿದ್ದ. ಕೆಂಡ ಕೆಂಪಗಾದ ಮೇಲೆ ಹುಂಜದ ಕತ್ತು ಎತ್ತಿ ನನ್ನ ಹೊಟ್ಟೆಗೆ ತುಂಬಿ, ಒದ್ದೆ ಗೋಣಿಚೀಲದ ಮೇಲೆ ಒಮ್ಮೆ ಎಳೆಯುತ್ತಿದ್ದ. ಚುರ್ರೆಂದರೆ ಕೆಲಸ ಶುರು. ಗಾರ್ಡುಗಳ ಬಿಳಿ ಪ್ಯಾಂಟು, ಟಿಕೆಟ್ ಕಲೆಕ್ಟರುಗಳ ಕೋಟು, ಅವರ ಮನೆಯವರ ಗಂಜಿ ಹಾಕಿದ ಸೀರೆ. ಗಾರ್ಡುಗಳ ಪ್ಯಾಂಟಿನ ಗೆರೆ ನೋಡಿಯೇ ಇದು ಗಿರಿಯಪ್ಪನ ಕೈ ಎಂದು ಹೇಳುವವರಿದ್ದರು. ನನ್ನ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ನನಗೇನೂ ಬೇಸರವಿಲ್ಲ.

ಈ ನಲವತ್ತು ವರ್ಷಗಳಲ್ಲಿ ಅವನಿಗೆ ಮದುವೆಯಾಯಿತು, ಒಬ್ಬ ಮಗ ಹುಟ್ಟಿದ, ಹೆಂಡತಿ ತೀರಿಕೊಂಡಳು. ಮಗ ನಾಗೇಂದ್ರ ಕೊಬ್ಬರಿ ಲಾರಿಯ ಡ್ರೈವರಾದ, ತಿಂಗಳಿಗೆ ಎರಡು ಸಾರಿ ಮನೆಗೆ ಬಂದರೆ ಹೆಚ್ಚು. ಸೊಸೆ ಪವಿತ್ರಾ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಎಂಟಕ್ಕೆ ಫ್ಯಾಕ್ಟರಿ ಬಸ್ಸು ಹೊಂಗೆ ಮರದ ಎದುರಿಗೇ ನಿಲ್ಲುತ್ತಿತ್ತು. ಅವರಿಗೆ ಒಬ್ಬಳು ಮಗಳು ಹುಟ್ಟಿದಳು. ಮಾನ್ವಿತಾ ಎಂದು ಹೆಸರಿಟ್ಟರು. ಗಿರಿಯಪ್ಪನ ನಾಲಿಗೆಗೆ ಅದು ಹೊರಳಲಿಲ್ಲ. ಅವನು ಮಾನವ್ವ ಎಂದ.

ಮಾನ್ವಿತಾಳಿಗೆ ಒಂದೂವರೆ ವರ್ಷವಾದ ಮೇಲೆ ಪವಿತ್ರಾ ಮತ್ತೆ ಕೆಲಸಕ್ಕೆ ಸೇರಿದಳು. ಬಸ್ಸು ಹತ್ತುವ ಮುಂಚೆ ಮಗುವನ್ನು ಮಾವನ ಕೈಗೆ ಕೊಟ್ಟು ಹೋಗುತ್ತಿದ್ದಳು. ಮಗು ಗಾಡಿಯ ಕೆಳಗೆ, ಚಕ್ರಗಳ ನಡುವೆ ಹಾಸಿದ ಚಾಪೆಯ ಮೇಲೆ ಬೆಳೆಯಿತು. ಗಿರಿಯಪ್ಪ ಮೇಲೆ ಇಸ್ತ್ರಿ ಮಾಡುತ್ತ ಕೆಳಗಿನವಳೊಂದಿಗೆ ಮಾತಾಡುತ್ತಿದ್ದ. ಹಲಗೆಯ ಸಂದಿನಿಂದ ಒಂದು ಕಣ್ಣು ಇಣುಕುತ್ತಿತ್ತು. ಆ ಕಾಲದಷ್ಟು ಅವನು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಇನ್ನು ಮುಂದಿನದನ್ನು ಹೇಳಲೇಬೇಕು.

ಅವಳಿಗೆ ಮೂರು ತುಂಬಿ ಎರಡು ತಿಂಗಳಾಗಿತ್ತು. ಗಿರಿಯಪ್ಪ ಒಂದು ಸೀರೆ ಇಸ್ತ್ರಿ ಮಾಡುತ್ತಿದ್ದ. ಅರ್ಧ ಸೀರೆ ಗಾಡಿಯ ಮೇಲೆ, ಅರ್ಧ ಕೆಳಗೆ ಇಳಿಬಿದ್ದಿತ್ತು. ಯಾರೋ ಬಂದು ಬಟ್ಟೆ ಕೇಳಿದರು. ಅವನು ನನ್ನನ್ನು ಕಬ್ಬಿಣದ ತಟ್ಟೆಯ ಮೇಲೆ ಇಡದೆ, ಸೀರೆಯ ಅಂಚಿನ ಮೇಲೇ ನಿಲ್ಲಿಸಿ, ಗಂಟು ತೆಗೆದುಕೊಡಲು ತಿರುಗಿದ. ನಲವತ್ತು ವರ್ಷದಲ್ಲಿ ಅವನು ಹಾಗೆ ಮಾಡಿದ್ದು ಎಷ್ಟು ಸಾರಿಯೋ, ಏನೂ ಆಗಿರಲಿಲ್ಲ. ಅವತ್ತು ಕೆಳಗಿದ್ದವಳು ಸೀರೆಯ ಸೆರಗು ಹಿಡಿದು ಜಗ್ಗಿದಳು. ನಾನು ಜಾರಿದೆ. ಅವಳು ಕೈ ಮೇಲೆತ್ತಿದಳು. ಬಲಗೈ.

ಕೂಗಿದ್ದು ಮಗುವಲ್ಲ, ಗಿರಿಯಪ್ಪ. ಮಡಕೆಯ ನೀರನ್ನೆಲ್ಲ ಅವಳ ಕೈಮೇಲೆ ಸುರಿದು, ಎತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಆಸ್ಪತ್ರೆಗೆ ಓಡಿದ. ನಾನು ರಸ್ತೆಯ ಮಣ್ಣಿನಲ್ಲಿ ಬಿದ್ದಿದ್ದೆ. ಕೆಂಡಗಳು ಚೆಲ್ಲಿ ಒಂದೊಂದಾಗಿ ಬೂದಿಯಾದವು.

ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಅಂಗೈಯ ಚರ್ಮ ಬಿಗಿದುಕೊಂಡು ಹೆಬ್ಬೆರಳು, ತೋರುಬೆರಳು ಒಳಕ್ಕೆ ಮುದುಡಿದವು. ಹಾಸನದ ಡಾಕ್ಟರು, ಅವಳಿಗೆ ಹತ್ತು ವರ್ಷವಾದ ಮೇಲೆ ಆಪರೇಷನ್ ಮಾಡಬಹುದು, ಅಲ್ಲಿಯವರೆಗೆ ಬೆರಳು ಇನ್ನೂ ಮರಗಟ್ಟದಂತೆ ದಿನಾ ವ್ಯಾಯಾಮ ಮಾಡಿಸಿ ಎಂದು ಸ್ಪಂಜಿನ ಒಂದು ಚೆಂಡು ಕೊಟ್ಟು ಕಳಿಸಿದರು.

ಪವಿತ್ರಾ ಮಾವನನ್ನು ಒಂದು ಮಾತೂ ಅನ್ನಲಿಲ್ಲ. ಮಗುವನ್ನು ತನ್ನ ತಾಯಿಯ ಊರಿಗೆ ಕಳಿಸಿದಳು. ಬಸ್ಸು ಹತ್ತಲು ಗಾಡಿಯ ಮುಂದೆಯೇ ಬಂದು ನಿಲ್ಲುತ್ತಿದ್ದಳು, ಆದರೆ ನನ್ನ ಕಡೆ ನೋಡುತ್ತಿರಲಿಲ್ಲ. ಗಿರಿಯಪ್ಪನೂ ಸ್ವಲ್ಪ ದಿನ ನನ್ನನ್ನು ಮುಟ್ಟಲಿಲ್ಲ. ಆಮೇಲೆ ಮುಟ್ಟಿದ. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ, ನನಗೂ ಅಷ್ಟೇ.

ಒಂದು ವರ್ಷ ಹೀಗೆ ಹೋಯಿತು. ಪವಿತ್ರಾಳ ತಾಯಿಗೆ ಕಣ್ಣಿನ ತೊಂದರೆಯಾಗಿ ಮಗುವನ್ನು ನೋಡಿಕೊಳ್ಳಲು ಆಗಲಿಲ್ಲ. ಮಾನ್ವಿತಾ ವಾಪಸು ಬಂದಳು. ಅಂಗನವಾಡಿಗೆ ಸೇರಿಸಿದರು. ನಾಲ್ಕು ದಿನ ಹೋದಳು. ಐದನೆಯ ದಿನ ಮಕ್ಕಳೆಲ್ಲ ಕೈ ಕೈ ಹಿಡಿದು ಸುತ್ತುವ ಆಟದಲ್ಲಿ ಅವಳ ಬಲಗೈ ಹಿಡಿಯಲು ಪಕ್ಕದ ಮಗು ಹೆದರಿ ಅತ್ತಿತಂತೆ. ಆರನೆಯ ದಿನ ಇವಳು ಬಾಗಿಲು ಹಿಡಿದುಕೊಂಡು ಬಿಡಲಿಲ್ಲ.

ಹೀಗೆ ಅವಳು ಮತ್ತೆ ಹೊಂಗೆ ಮರದ ಕೆಳಗೆ ಬಂದಳು. ಅವಳು ಬರುವ ಹಿಂದಿನ ದಿನ ಗಿರಿಯಪ್ಪ ಗಾಡಿಯಿಂದ ನಾಲ್ಕು ಮಾರು ದೂರದಲ್ಲಿ ಇಟ್ಟಿಗೆಗಳನ್ನು ಸಾಲಾಗಿ ಹೂಳಿದ್ದ. ಇಟ್ಟಿಗೆಯ ಆಚೆಗೆ ಅವಳ ಚಾಪೆ. ಪವಿತ್ರಾ ಆ ಸಾಲನ್ನು ನೋಡಿದಳು, ಒಂದೊಂದು ಇಟ್ಟಿಗೆಯನ್ನೂ ಕಾಲಿನಿಂದ ಒತ್ತಿ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಿ ಬಸ್ಸು ಹತ್ತಿದಳು.

ಅಂದಿನಿಂದ ಗಿರಿಯಪ್ಪನ ದಿನಚರಿ ಗಡಿಯಾರದಂತಾಯಿತು. ಎಂಟಕ್ಕೆ ಪವಿತ್ರಾಳ ಬಸ್ಸು. ಎಂಟೂವರೆಗೆ ಮೊಮ್ಮಗಳಿಗೆ ಹಾಲು, ಬನ್ನು. ಒಂಬತ್ತಕ್ಕೆ ಚೆಂಡು. ಐವತ್ತು ಸಾರಿ ಅದುಮಬೇಕು, ಅವನು ಎಣಿಸುತ್ತಿದ್ದ. ಮಧ್ಯಾಹ್ನ ಊಟವಾದ ಮೇಲೆ ಎಣ್ಣೆ ಹಚ್ಚಿ ಒಂದೊಂದೇ ಬೆರಳನ್ನು ನಿಧಾನವಾಗಿ ನೀವುತ್ತಿದ್ದ. ಸಾಯಂಕಾಲ ನಾಲ್ಕಕ್ಕೆ ಇನ್ನೊಂದು ಸಾರಿ ಚೆಂಡು. ನಡುವೆ ಗಾರ್ಡುಗಳ ಪ್ಯಾಂಟು. ಒಮ್ಮೆಯೂ ತಪ್ಪಿಸಲಿಲ್ಲ. ಜ್ವರ ಬಂದ ದಿನ ಮರಕ್ಕೆ ಒರಗಿ ಕೂತು ಎಣಿಸಿದ.

ಮೊದಲು ಬೆರಳುಗಳು ಚೆಂಡಿಗೆ ಹಲ್ಲಿಲ್ಲದ ಬಾಯಂತೆ ತಾಗುತ್ತಿದ್ದವು. ಬರುಬರುತ್ತ ಸ್ವಲ್ಪ ಬಿಡಿಸಿಕೊಂಡವು. ಚೊಂಬು ಎತ್ತುವಷ್ಟು, ಫ್ರಾಕು ಎಳೆದುಕೊಳ್ಳುವಷ್ಟು ಶಕ್ತಿ ಬಂತು. ಗಿರಿಯಪ್ಪನಿಗೆ ಆಸೆ ಹುಟ್ಟಿತು.

ಮಾರ್ಚ್ ತಿಂಗಳಲ್ಲಿ ಪವಿತ್ರಾ ಹೇಳಿದಳು, "ಜೂನಿಗೆ ಒಂದನೇ ಕ್ಲಾಸಿಗೆ ಸೇರಿಸ್ಬೇಕು ಮಾವ. ಆರು ತುಂಬುತ್ತೆ."

ಮಾರನೆಯ ದಿನ ಗಿರಿಯಪ್ಪ ಒಂದು ಸ್ಲೇಟು, ಒಂದು ಡಬ್ಬಿ ಬಳಪ ತಂದ. ಅವನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಅಕ್ಷರ ದುಂಡಗಿತ್ತು. ಇಟ್ಟಿಗೆ ಸಾಲಿನ ಆಚೆ ಕೂತು ಸ್ಲೇಟಿನ ಮೇಲೆ 'ಅ' ಬರೆದು, ಮೊಮ್ಮಗಳ ಬಲಗೈಯಲ್ಲಿ ಬಳಪ ಇಟ್ಟು, ತನ್ನ ಕೈಯಿಂದ ಅವಳ ಕೈ ಹಿಡಿದು ತಿದ್ದಿಸಿದ.

ಬಳಪ ಜಾರಿತು. ಮತ್ತೆ ಇಟ್ಟ. ಮತ್ತೆ ಜಾರಿತು. ಹೆಬ್ಬೆರಳು ಬಳಪವನ್ನು ಮುಟ್ಟುತ್ತಿತ್ತು, ಒತ್ತುತ್ತಿರಲಿಲ್ಲ. ಬಳಪಕ್ಕೆ ಬಟ್ಟೆ ಸುತ್ತಿ ದಪ್ಪ ಮಾಡಿದ. ಬೆರಳಿಗೂ ಬಳಪಕ್ಕೂ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದ. ಏಪ್ರಿಲ್ ಕಳೆಯಿತು. ಬಟ್ಟೆಯ ರಾಶಿ ಗಾಡಿಯ ಮೇಲೆ ಬಿದ್ದಿರುತ್ತಿತ್ತು, ನನ್ನ ಹೊಟ್ಟೆಯಲ್ಲಿ ಕೆಂಡ ಸುಮ್ಮನೆ ಸಾಯುತ್ತಿತ್ತು, ಅವನು ಅಲ್ಲಿ ಕೂತು ಒಂದೇ ಅಕ್ಷರವನ್ನು ತಿದ್ದಿಸುತ್ತಿದ್ದ.

"ನೋಯುತ್ತೆ ತಾತ."

"ಇನ್ನೊಂದೇ ಒಂದು ಸಲ ಕಣವ್ವ. ಇಸ್ಕೂಲಲ್ಲಿ ಎಲ್ಲಾರೂ ಬರೀತಾರೆ. ನೀನೂ ಬರೀಬೇಕಲ್ವಾ."

ಅವಳು ಅಳುತ್ತಿರಲಿಲ್ಲ. ತುಟಿ ಬಿಗಿದುಕೊಂಡು ಇನ್ನೊಂದು ಸಾರಿ ತಿದ್ದುತ್ತಿದ್ದಳು. ಅದನ್ನು ನೋಡುವುದು ಅಳು ನೋಡುವುದಕ್ಕಿಂತ ಕಷ್ಟ. ನಾನು ಗಾಡಿಯ ಮೇಲಿದ್ದೆ, ಆ ಕೈಗೆ ಹಾಗಾಗಿದ್ದು ನನ್ನಿಂದ. ಆದರೆ ಇಸ್ತ್ರಿ ಪೆಟ್ಟಿಗೆಗೆ ಮಾತಾಡುವ ಅವಕಾಶವನ್ನು ಯಾರೂ ಕೊಡುವುದಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ಗಿರಿಯಪ್ಪ ಕ್ವಾರ್ಟರ್ಸಿನೊಳಗೆ ಬಟ್ಟೆ ಕೊಟ್ಟು ಬರಲು ಹೋಗಿದ್ದ. ಮಾನ್ವಿತಾ ಆರಿದ ಇದ್ದಿಲಿನ ಒಂದು ಚೂರು ಹುಡುಕಿಕೊಂಡು ಇಟ್ಟಿಗೆ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. ಒಂದು ಇಟ್ಟಿಗೆಯ ಮೇಲೆ 'ಅ' ಬರೆದಳು. ಎರಡನೆಯದರ ಮೇಲೆ 'ಆ'. ಮೂರನೆಯದರ ಮೇಲೆ 'ಇ'. ಗಾಡಿಯ ಎತ್ತರದಿಂದ ನನಗೆ ಎಲ್ಲವೂ ಕಾಣುತ್ತಿತ್ತು. ಅವಳು ಬರೆಯುತ್ತಿದ್ದದ್ದು ಎಡಗೈಯಲ್ಲಿ. ಆ ಕೈ ತಡವರಿಸುತ್ತಿರಲಿಲ್ಲ. ಇದು ಅವಳ ಮೊದಲ ಸಾರಿಯಲ್ಲ ಎಂದು ಆಗಲೇ ಅನ್ನಿಸಿತು.

ಗಿರಿಯಪ್ಪ ಹಿಂದಿನಿಂದ ಬಂದು ನಿಂತಿದ್ದ.

"ಎಡಗೈಲಿ ಬರೀಬಾರ್ದು," ಎಂದ. ಅವನ ದನಿ ಗಟ್ಟಿಯಾಗಿತ್ತು. ಅವಳ ಮೇಲೆ ಅವನು ಯಾವತ್ತೂ ದನಿ ಎತ್ತಿದವನಲ್ಲ. "ಅಕ್ಷರನ ಎಡಗೈಲಿ ಬರೆಯೋದು ಒಳ್ಳೇದಲ್ಲ. ಕೊಡಿಲ್ಲಿ ಅದನ್ನ."

ಅವಳು ಇದ್ದಿಲನ್ನು ಕೊಟ್ಟಳು. ಕೊಟ್ಟು, ತಲೆ ಎತ್ತಿ ಕೇಳಿದಳು.

"ನಂಗೆ ಬಲಗೈ ಬರಲ್ಲ ತಾತ. ನಿಂಗೆ ಎಡಗೈ ಬರುತ್ತಾ?"

"ಏನು?"

"ನೀನು ಎಡಗೈಲಿ ಇಸ್ತ್ರಿ ಮಾಡ್ತೀಯಾ? ನಾನು ನೋಡ್ತೀನಿ."

ಅದು ಎದುರು ಮಾತಲ್ಲ. ಅವಳಿಗೆ ನಿಜವಾಗಿ ಗೊತ್ತಾಗಬೇಕಿತ್ತು. ಗಿರಿಯಪ್ಪ ಗಾಡಿಯ ಹತ್ತಿರ ಬಂದ. ಆಮೇಲೆ ಎಡಗೈಯಿಂದ ನನ್ನ ಹಿಡಿಯನ್ನು ಹಿಡಿದ.

ನಲವತ್ತು ವರ್ಷದ ಮೇಲೆ ಅಪರಿಚಿತನ ಕೈಗೆ ಬಿದ್ದಂತಾಯಿತು ನನಗೆ. ಮರದ ಹಿಡಿ ಅವನ ಬಲ ಅಂಗೈಯ ಆಕಾರಕ್ಕೇ ಸವೆದಿತ್ತು. ಎಡಗೈಗೆ ಅಲ್ಲೆಲ್ಲ ಗುಂಡಿ, ದಿಬ್ಬ. ಅವನು ನನ್ನನ್ನು ಎತ್ತಿದಾಗ ಮೂತಿ ಕೆಳಕ್ಕೆ ವಾಲಿತು. ಒಂದು ಪ್ಯಾಂಟು ಹಾಸಿ ಎಳೆದ. ನಾನು ಹೋಗಬೇಕಾದ ಕಡೆ ಹೋಗಲಿಲ್ಲ. ಬಲಗೈ ಬಟ್ಟೆಯನ್ನು ಬಿಗಿಹಿಡಿಯಬೇಕಿತ್ತು, ಅದಕ್ಕೆ ಆ ಕೆಲಸವೇ ಗೊತ್ತಿರಲಿಲ್ಲ. ಗೆರೆಯ ಪಕ್ಕದಲ್ಲಿ ಇನ್ನೊಂದು ಗೆರೆ ಬಿತ್ತು. ಅದನ್ನು ಅಳಿಸಲು ಹೋದಾಗ ಮೂರನೆಯದು. ಅವನ ಹಣೆಯಿಂದ ಬೆವರು ತೊಟ್ಟಿಕ್ಕಿ ನನ್ನ ಮುಚ್ಚಳದ ಮೇಲೆ ಬಿದ್ದು ಚುರುಗುಟ್ಟಿತು.

ಮಾನ್ವಿತಾ ಇಟ್ಟಿಗೆಯ ಆಚೆಯಿಂದ ನೋಡುತ್ತಿದ್ದಳು. "ಇನ್ನೊಂದೇ ಒಂದು ಸಲ ತಾತ," ಎಂದಳು. ಅವನು ಅವಳಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ.

ಮೂರು ದಿನ ಅವನು ಹಟ ಹಿಡಿದ. ಎಡಗೈಯಲ್ಲೇ ಮಾಡಿದ. ದಿನಕ್ಕೆ ಅರವತ್ತು ಬಟ್ಟೆ ಮಾಡುವವನು ಹನ್ನೆರಡು ಮಾಡಿದ. ಭುಜ ಹಿಡಿದುಕೊಂಡಿತು. ಮೂರನೆಯ ದಿನ ಕ್ವಾರ್ಟರ್ಸಿನ ಟಿಕೆಟ್ ಕಲೆಕ್ಟರ್ ಸುಲೋಚನಮ್ಮನವರು ಒಂದು ಪ್ಯಾಂಟು ಹಿಡಿದುಕೊಂಡು ಬಂದರು.

"ಏನ್ರೀ ಗಿರಿಯಪ್ಪ, ನಮ್ಮ ಯಜಮಾನ್ರ ಪ್ಯಾಂಟಿಗೆ ಎರಡೆರಡು ಗೆರೆ. ರೈಲ್ವೆ ಹಳಿ ಥರ ಕಾಣುತ್ತೆ. ಹುಷಾರಾಗಿದ್ದೀರ ತಾನೆ?"

"ಹುಷಾರಾಗಿವ್ನಿ ಕಣಮ್ಮ. ಎಡಗೈಲಿ ಮಾಡ್ದೆ."

"ಯಾಕೆ, ಬಲಗೈಗೆ ಏನಾಯ್ತು?"

"ಏನೂ ಆಗಿಲ್ಲ," ಎಂದ ಗಿರಿಯಪ್ಪ. ಹಾಗೆನ್ನುವಾಗ ಅವನು ಇಟ್ಟಿಗೆ ಸಾಲಿನ ಕಡೆ ನೋಡಿದ. "ಅದೇ ಕಣಮ್ಮ. ನಂಗೇನೂ ಆಗಿಲ್ಲ. ಕೊಡಿ, ಇನ್ನೊಂದ್ ಸಲ ಮಾಡ್ಕೊಡ್ತೀನಿ."

ಅವರು ಹೋದ ಮೇಲೆ ನನ್ನನ್ನು ಬಲಗೈಗೆ ತೆಗೆದುಕೊಂಡ. ಒಂದೇ ಎಳೆತಕ್ಕೆ ಗೆರೆ ನೇರವಾಯಿತು. ಅವನು ಆ ಗೆರೆಯನ್ನು ತುಂಬ ಹೊತ್ತು ನೋಡಿದ. ಆಮೇಲೆ ಇಟ್ಟಿಗೆ ದಾಟಿ ಹೋಗಿ ಮೊಮ್ಮಗಳ ಪಕ್ಕದಲ್ಲಿ ಕುಳಿತ.

"ಸೋತೆ ಕಣವ್ವ. ನಂಗೆ ಬರಲ್ಲ."

"ಕಷ್ಟ ಅಲ್ವಾ ತಾತ?"

"ಶಾನೆ ಕಷ್ಟ." ಸ್ಲೇಟನ್ನು ಒರೆಸಿ ಅವಳ ತೊಡೆಯ ಮೇಲಿಟ್ಟು, ಬಳಪವನ್ನು ಅವಳ ಎಡಗೈಗೆ ಕೊಟ್ಟ. "ಬರಿ. ನಿನ್ ಕೈಗೆ ಹೆಂಗೆ ಬತ್ತದೋ ಹಂಗೇ ಬರಿ."

ಅವಳು 'ಅ'ದಿಂದ 'ಅಃ'ವರೆಗೆ ನಿಲ್ಲಿಸದೆ ಬರೆದಳು. ಎಲ್ಲಿ ಕಲಿತೆ ಎಂದು ಕೇಳಿದರೆ, ನೀನು ಬಲಗೈಯಲ್ಲಿ ತಿದ್ದಿಸಿದ್ದನ್ನೇ ನಾನು ಆಚೆ ತಿರುಗಿ ಕೂತು ಎಡಗೈಯಲ್ಲಿ ಮಾಡಿದೆ ಎಂದಳು. ಚೆಂಡು ಅದುಮುವುದು ಮಾತ್ರ ನಿಲ್ಲಬಾರದು ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡರು. ಅದು ಡಾಕ್ಟರು ಹೇಳಿದ್ದು, ಇದು ಬೇರೆ.

ಅವತ್ತು ಸಾಯಂಕಾಲ ಫ್ಯಾಕ್ಟರಿ ಬಸ್ಸು ಬಂದು ಪವಿತ್ರಾ ಇಳಿದಳು. ಮಗುವಿನ ಕೈ ಹಿಡಿದು ಮನೆಗೆ ಹೊರಟವಳನ್ನು ಗಿರಿಯಪ್ಪ ನಿಲ್ಲಿಸಿದ.

"ಪವಿತ್ರಾ, ಒಂದ್ ಮಾತು ಕಣವ್ವ."

"ಹೇಳಿ ಮಾವ."

"ಮಗೀಗೆ ಬಲಗೈಲೇ ಬರಸ್ಬೇಕು ಅಂತ ಎರಡು ತಿಂಗ್ಳು ಹಿಂಸೆ ಕೊಟ್ಟೆ. ಅವಳಿಗೋಸ್ಕರ ಅನ್ಕಂಡಿದ್ದೆ. ಅವಳಿಗಲ್ಲ, ನನಗೋಸ್ಕರ. ಅವಳು ಬಲಗೈಲಿ ಬರದ್ಬಿಟ್ರೆ ಅವತ್ತು ನಾನ್ ಮಾಡಿದ್ದು ಅಳಿಸ್ಹೋಯ್ತದೆ ಅಂತ." ಅವನು ನನ್ನ ಹಿಡಿಯನ್ನು ಒರೆಸುತ್ತಲೇ ಇದ್ದ, ಅದು ಆಗಲೇ ಸ್ವಚ್ಛವಾಗಿತ್ತು. "ಇನ್ನು ಎಡಗೈಲೇ ಬರೀತಾಳೆ. ಚೆನ್ನಾಗಿ ಬರೀತಾಳೆ."

ಪವಿತ್ರಾ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದಳು.

"ನೀವು ಮಾಡಿದ್ದು ಅಂತ ನಾನು ಯಾವತ್ತೂ ಬಾಯ್ಬಿಟ್ಟು ಅಂದಿಲ್ಲ ಮಾವ."

"ಅನ್ಲಿಲ್ಲ. ಅಂದಿದ್ರೆ ಒಳ್ಳೇದಿತ್ತು."

"ಅನ್ಕೊಂಡಿದ್ದೆ," ಎಂದಳು ಅವಳು. "ದಿನಾ ಬಸ್ಸಲ್ಲಿ ಕೂತ್ಕೊಂಡು ಅನ್ಕೊಳ್ತಿದ್ದೆ."

"ಈಗ್ಲೂನಾ?"

"ಕೆಲವು ದಿನ."

ಗಿರಿಯಪ್ಪ ತಲೆಯಾಡಿಸಿದ. ನಾನು ನೋಡಿದ ಹಾಗೆ, ಆ ಉತ್ತರದಿಂದ ಅವನ ಬೆನ್ನು ಬಾಗಲಿಲ್ಲ, ನೆಟ್ಟಗಾಯಿತು. ಸುಮಾರು ಮೂರು ವರ್ಷ ಸುತ್ತ ಮೌನವೇ ಇದ್ದಲ್ಲಿ ಎರಡು ಪದ ಸಿಕ್ಕಿದ್ದವು. ಅವರು ಮನೆಯ ಕಡೆ ನಡೆದರು. ಮಾನ್ವಿತಾ ಅಮ್ಮನಿಗೆ ರೈಲ್ವೆ ಹಳಿಯ ಪ್ಯಾಂಟಿನ ಕತೆ ಹೇಳುತ್ತಿರುವುದು ತಿರುವಿನವರೆಗೂ ಕೇಳಿಸಿತು. ತಿರುವಿನ ಹತ್ತಿರ ಪವಿತ್ರಾ ನಕ್ಕಳು.

ಮೇ ಕೊನೆಯ ಭಾನುವಾರ ಶಾಲೆಯ ಟೀಚರು ಮನೆಮನೆಗೆ ದಾಖಲಾತಿಗೆ ಬಂದರು. ವಿಮಲಾಕ್ಷಿ ಎಂದು ಅವರ ಹೆಸರು. ಬಿಸಿಲಿಗೆ ಕೊಡೆ ಹಿಡಿದು, ಕಂಕುಳಲ್ಲಿ ಒಂದು ಫೈಲು ಇಟ್ಟುಕೊಂಡಿದ್ದರು. ಪವಿತ್ರಾಳಿಗೆ ರಜೆ, ಮಾವನಿಗೆ ಬುತ್ತಿ ತಂದವಳು ಗಾಡಿಯ ಹತ್ತಿರವೇ ಇದ್ದಳು. ಬರೆಯಲು ಬೇರೆ ಜಾಗ ಇಲ್ಲದೆ ಟೀಚರು ಅರ್ಜಿಯನ್ನು ಗಾಡಿಯ ಹಾಸಿನ ಮೇಲೆಯೇ ಹರಡಿದರು. ಗಾಳಿಗೆ ಕಾಗದ ಹಾರದಂತೆ ಗಿರಿಯಪ್ಪ ತಣ್ಣಗಿದ್ದ ನನ್ನನ್ನು ಅದರ ಅಂಚಿನ ಮೇಲಿಟ್ಟ. ಹೀಗಾಗಿ ನಡೆದದ್ದನ್ನೆಲ್ಲ ನಾನು ಹತ್ತಿರದಿಂದ ಬಲ್ಲೆ.

"ನಿನ್ನ ಹೆಸರು ಬರೀತೀಯಾ ಪುಟ್ಟಿ?"

ಮಾನ್ವಿತಾ ಬಲಗೈಯನ್ನು ಫ್ರಾಕಿನ ಮಡಿಕೆಯೊಳಗೆ ಸೇರಿಸಿದಳು. ಟೀಚರು ಪೆನ್ನು ಚಾಚಿಕೊಂಡೇ ಇದ್ದರು. ಅವಳು ತಾತನ ಮುಖ ನೋಡಿ, ಎಡಗೈ ಮುಂದೆ ಮಾಡಿ ಪೆನ್ನು ತೆಗೆದುಕೊಂಡಳು. ನಾಲಿಗೆಯನ್ನು ತುಟಿಯ ಮೂಲೆಗೆ ಒತ್ತಿ, ಮಾ ಬರೆದಳು, ನ್ವಿ ಬರೆದಳು, ತಾ ಬರೆದಳು. ವಕಾರದ ಒತ್ತು ಸ್ವಲ್ಪ ದೂರ ಹೋಗಿತ್ತು.

"ಎಡಗೈಯವಳಾ?" ಎಂದರು ವಿಮಲಾಕ್ಷಿ. "ಹಾಗಾದ್ರೆ ಸಾಲಿನ ಎಡತುದಿಗೆ ಕೂರಿಸ್ಬೇಕು. ಇಲ್ಲಾಂದ್ರೆ ಪಕ್ಕದವರ ಮೊಳಕೈಗೆ ಇವಳ ಮೊಳಕೈ ಡಿಕ್ಕಿ ಹೊಡೆಯುತ್ತೆ. ಹೋದ ವರ್ಷ ಒಬ್ಬ ಹೀಗೇ ಇದ್ದ, ದಿನಾ ಜಗಳ." ಅರ್ಜಿಯ ಮೂಲೆಯಲ್ಲಿ ಅದನ್ನು ಗುರುತು ಹಾಕಿಕೊಂಡರು. "ಆ ಕೈ ಯಾಕೆ ಒಳಗಿಟ್ಟಿದ್ದೀಯ?"

ಮಾನ್ವಿತಾ ಕೈಯನ್ನು ಹೊರಗೆ ತೆಗೆದು ನೇರವಾಗಿ ಅವರ ಮುಂದೆ ಹಿಡಿದಳು. "ಸುಟ್ಟಿತ್ತು. ವಾಸಿಯಾಗಿದೆ. ಐವತ್ತು ಸಲ ಚೆಂಡು ಅದುಮ್ತೀನಿ."

"ಐವತ್ತಾ? ನನ್ನ ಕೈಲೂ ಆಗಲ್ಲ," ಎಂದು ಟೀಚರು ಮುಂದಿನ ಸಾಲಿಗೆ ಹೋದರು. ತಂದೆ, ತಾಯಿ, ವಿಳಾಸ. ಆಮೇಲೆ ಓದಿದರು, "ಮಗುವನ್ನು ಶಾಲೆಗೆ ಬಿಡುವವರು, ಕರೆದುಕೊಂಡು ಹೋಗುವವರು. ಇಲ್ಲಿ ಯಾರ ಹೆಸರು ಬರೀಲಿ? ಈ ಹೆಸರಿನವರು ಬಂದ್ರೆ ಮಾತ್ರ ನಾವು ಮಗೂನ ಕಳಿಸೋದು."

ಗಿರಿಯಪ್ಪ ಬೇಗಬೇಗ ಹೇಳಿದ, "ಪಕ್ಕದ್ಮನೆ ಆಟೋ ಐತೆ ಮೇಡಂ, ಅವ್ರ ಮಗ್ಳೂ ಅಲ್ಲೇ ಓದ್ತಾಳೆ, ಅವ್ರ ಜೊತೆ..."

"ಅವಳ ತಾತ," ಎಂದಳು ಪವಿತ್ರಾ.

ಟೀಚರು ತಲೆ ಎತ್ತಿದರು.

"ಬರ್ಕೊಳ್ಳಿ ಮೇಡಂ. ಮೂಡ್ಲಗಿರಿಯಪ್ಪ. ಬಿಡೋದೂ ಅವ್ರೇ, ಕರ್ಕೊಂಡ್ ಬರೋದೂ ಅವ್ರೇ."

ಗಿರಿಯಪ್ಪ ಮರದ ಕಡೆ ತಿರುಗಿ, ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬಿಸಿಲಿತ್ತು, ಯಾರಿಗೂ ವಿಶೇಷ ಅನ್ನಿಸಲಿಲ್ಲ. ಟೀಚರು ಆ ಹೆಸರನ್ನು ಬಿಡಿಸಿ ಬಿಡಿಸಿ ಬರೆದುಕೊಂಡರು. ಅರ್ಜಿಯ ಅಂಚಿನಿಂದ ನನ್ನನ್ನು ಎತ್ತಲು ಹೋಗಿ, "ಅಬ್ಬಾ, ಇಷ್ಟು ಭಾರನಾ," ಎಂದು ಎರಡೂ ಕೈ ಹಚ್ಚಿದರು. ನನಗೆ ಸಂತೋಷವಾಯಿತು.

ಶಾಲೆ ಶುರುವಾಗುವ ಹಿಂದಿನ ದಿನ ಇಡೀ ಕ್ವಾರ್ಟರ್ಸಿನ ಯೂನಿಫಾರ್ಮುಗಳು ಗಾಡಿಗೆ ಬಂದಿದ್ದವು. ಮಾನ್ವಿತಾಳ ಬಟ್ಟೆಯೂ ಆ ರಾಶಿಯಲ್ಲೇ ಇತ್ತು, ನೀಲಿ ಲಂಗ, ಬಿಳಿ ಅಂಗಿ. ಅದನ್ನು ಎಲ್ಲಕ್ಕಿಂತ ಮೊದಲು ಮಾಡಿದ. ಲಂಗದ ನೆರಿಗೆ ಒಂದೊಂದನ್ನೂ ಬೆರಳಿನಿಂದ ಅಳೆದು ಮಡಿಸಿ, ನನ್ನನ್ನು ನಿಧಾನವಾಗಿ ಊರಿದ. ಗಾರ್ಡುಗಳ ಪ್ಯಾಂಟಿಗೂ ಅಷ್ಟು ಹೊತ್ತು ಹಿಡಿದವನಲ್ಲ.

ಮಾರನೆಯ ಬೆಳಿಗ್ಗೆ ಒಂಬತ್ತೂವರೆಗೆ ಅವಳನ್ನು ಬಿಟ್ಟು ಬಂದ. ಬಂದವನು ಕೆಲಸ ಹಿಡಿದ. ಆದರೆ ಮಾತಿಲ್ಲ. ಒಂದೆರಡು ಸಾರಿ ಅಭ್ಯಾಸ ಬಲದಿಂದ "ಮಾನವ್ವ" ಎಂದು ಇಟ್ಟಿಗೆ ಸಾಲಿನ ಕಡೆ ತಿರುಗಿದ. ಚಾಪೆ ಸುತ್ತಿಟ್ಟಿತ್ತು. ಹನ್ನೊಂದಾಯಿತು, ಒಂದಾಯಿತು. ಮೂರು ಗಂಟೆಗೆ ಅವನು ನನ್ನ ಮುಚ್ಚಳ ತೆಗೆದು ಕೆಂಡವನ್ನೆಲ್ಲ ಮಣ್ಣಿಗೆ ಸುರಿದು ನೀರು ಚಿಮುಕಿಸಿದ. ಇನ್ನೂ ಅರ್ಧ ರಾಶಿ ಬಟ್ಟೆ ಉಳಿದಿತ್ತು. ನಲವತ್ತು ವರ್ಷದಲ್ಲಿ ಕೆಲಸ ಬಾಕಿಯಿರುವಾಗ ಅವನಾಗಿಯೇ ನನ್ನ ಕೆಂಡ ಆರಿಸಿದ್ದು ಅದೇ ಮೊದಲು. ಸುಲೋಚನಮ್ಮನವರು ಬಂದು, "ಇಷ್ಟು ಬೇಗ ಮುಚ್ಚಿಬಿಟ್ರಾ?" ಎಂದು ಕೇಳಿದರು.

"ಇನ್ಮೇಲೆ ಮೂರಕ್ಕೇ ಕಣಮ್ಮ. ಇಸ್ಕೂಲು ಬಿಡ್ತದೆ," ಎಂದು ಗಿರಿಯಪ್ಪ ಚಪ್ಪಲಿ ಮೆಟ್ಟಿಕೊಂಡ. ಶಾಲೆ ಬಿಡುವುದು ನಾಲ್ಕಕ್ಕೆ, ದಾರಿ ಹತ್ತು ನಿಮಿಷದ್ದು. ಅವನಿಗೆ ಬೇಗ ಹೋಗಿ ಗೇಟಿನ ಮುಂದೆ ನಿಲ್ಲಬೇಕಿತ್ತು.

ಅವಳು ವಾಪಸು ಬರುವಾಗ ಮಾತು ರಸ್ತೆಯ ಆ ತುದಿಯಿಂದಲೇ ಕೇಳಿಸಿತು. ಆರು ಜನ ಕೈಯ ಬಗ್ಗೆ ಕೇಳಿದರಂತೆ. ಆರು ಜನಕ್ಕೂ ತೋರಿಸಿದಳಂತೆ. ಒಬ್ಬಳು ಮುಟ್ಟಿ ನೋಡಿ, ನಮ್ಮಜ್ಜಿಯ ಕೈ ಇನ್ನೂ ಗಟ್ಟಿ ಎಂದಳಂತೆ. ಅವಳ ಹೆಸರು ಸಾನಿಯಾ, ನಾಳೆಯಿಂದ ಅವಳ ಪಕ್ಕದಲ್ಲೇ ಕೂರುವುದಂತೆ.

ಇದೆಲ್ಲ ಆಗಿ ಮೂರು ವರ್ಷ ಕಳೆದಿವೆ. ಹೋದ ವರ್ಷ ನನ್ನ ಮುಚ್ಚಳದ ಕೀಲು ಮುರಿಯಿತು. ಗಿರಿಯಪ್ಪ ತಂತಿ ಕಟ್ಟಿ ಕೆಲವು ತಿಂಗಳು ನಡೆಸಿದ. ಆಮೇಲೆ ಮಗ ನಾಗೇಂದ್ರ ಗ್ಯಾಸಿನ ಇಸ್ತ್ರಿ ಪೆಟ್ಟಿಗೆ ತಂದುಕೊಟ್ಟ. ಅದು ಹಗುರ, ಹೊಗೆ ಇಲ್ಲ, ಬೂದಿ ಇಲ್ಲ. ಅರವತ್ತೇಳರ ಭುಜಕ್ಕೆ ಅದೇ ಸರಿ. ನಾನು ಹೊಟ್ಟೆಕಿಚ್ಚು ಪಡುವುದಿಲ್ಲ, ನನ್ನ ಹೊಟ್ಟೆಯಲ್ಲಿ ಬೇಕಾದಷ್ಟು ಕಿಚ್ಚು ಆಗಿಹೋಗಿದೆ.

ಈಚೆಗೆ ಒಂದು ಬೆಳಿಗ್ಗೆ ಬೀದಿಯಲ್ಲಿ ಹಳೇ ಸಾಮಾನಿನವನ ಗಾಡಿ ಬಂತು. ಗಿರಿಯಪ್ಪ ನನ್ನನ್ನು ಮಂಚದ ಕೆಳಗಿನಿಂದ ತೆಗೆದು ಬಾಗಿಲಿಗೆ ತಂದ. ಸೊಸೆಯ ಕಣ್ಣಿಗೆ ನಾನು ಬೀಳದಿದ್ದರೆ ಒಳ್ಳೆಯದೆಂದು ಅವನ ಮನಸ್ಸಿನಲ್ಲಿ ಇದ್ದಿರಬೇಕು. ಪವಿತ್ರಾ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ಎದ್ದು ಬಂದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮಾವನ ಕೈಯಿಂದ ನನ್ನನ್ನು ತೆಗೆದುಕೊಂಡಳು. ಅವಳು ನನ್ನನ್ನು ಮುಟ್ಟಿದ್ದು ಇಷ್ಟು ವರ್ಷಗಳಲ್ಲಿ ಅದೇ ಮೊದಲು. ಒಂದು ಕ್ಷಣ ಕೈ ಜಗ್ಗಿತು, ನನ್ನ ತೂಕ ಅವಳಿಗೆ ಗೊತ್ತಿರಲಿಲ್ಲ.

"ಇದನ್ನ ಯಾಕೆ ಕೊಡ್ತೀರ ಮಾವ?"

"ಇಟ್ಕಂಡು ಏನ್ ಮಾಡದವ್ವ."

"ಇಷ್ಟು ದಿನ ಮನೆ ನಡೆಸಿದೆ. ಕೂತಿರ್ಲಿ ಬಿಡಿ," ಎಂದು ಒಳಗೆ ತಂದು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಹಳೇ ಸಾಮಾನಿನವನು ಮುಂದಿನ ಮನೆಗೆ ಹೋದ.

ಈಗ ನಾನು ಇರುವುದು ಅಲ್ಲೇ. ಬೆಳಗಿನ ಬಿಸಿಲು ಸ್ವಲ್ಪ ಹೊತ್ತು ನನ್ನ ಮೇಲೆ ಬೀಳುತ್ತದೆ, ಬೆನ್ನು ಕೊಂಚ ಬೆಚ್ಚಗಾಗುತ್ತದೆ. ಈ ವಯಸ್ಸಿಗೆ ಅಷ್ಟು ಶಾಖ ಸಾಕು. ಇಲ್ಲಿಂದ ಬೀದಿ ಕಾಣುತ್ತದೆ. ಬಟ್ಟೆಯನ್ನು ನೇರ ಮಾಡುವುದೇ ನನ್ನ ಕಸುಬಾಗಿತ್ತು, ಜೀವಮಾನವೆಲ್ಲ ಅದನ್ನೇ ಮಾಡಿದೆ. ಮನುಷ್ಯರು ತಮ್ಮನ್ನು ತಾವೇ ನೇರ ಮಾಡಿಕೊಳ್ಳಬೇಕು, ಅದಕ್ಕೆ ತೂಕ ಬೇಡ, ಒಬ್ಬರು ಬಾಯಿಬಿಟ್ಟರೆ ಸಾಕು ಎಂಬುದನ್ನು ತಡವಾಗಿ ಕಲಿತೆ. ನಾಲ್ಕೂಕಾಲಾಗಿದೆ. ತಿರುವಿನಲ್ಲಿ ಗಿರಿಯಪ್ಪ ಬರುತ್ತಿದ್ದಾನೆ, ಒಂದು ಹೆಗಲಿಗೆ ಸ್ಕೂಲ್ ಬ್ಯಾಗು. ಮೊಮ್ಮಗಳು ಅವನಿಗಿಂತ ನಾಲ್ಕು ಹೆಜ್ಜೆ ಮುಂದಿದ್ದಾಳೆ. ಅವಳು ಹಿಂದಕ್ಕೆ ತಿರುಗಿ ನಿಂತು, ಅವನು ಬಂದು ಸೇರುವವರೆಗೂ ಕಾಯುತ್ತಿದ್ದಾಳೆ.